300 ಎಂಬಿಪಿಎಸ್ ಇದ್ದರೂ ಸಂಜೆ ಕಾಲ್ ತಡವರಿಸುತ್ತದೆ: ದೊಡ್ಡ ಪ್ಲ್ಯಾನ್ ಬೇಕಾ, ಚಿಕ್ಕದೇ ಸಾಕಾ?

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ಜನ. ನಾನು ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತೇನೆ. ಮಗಳಿಗೆ ಸಂಜೆ ಆನ್‌ಲೈನ್ ಕ್ಲಾಸು, ಮಗನಿಗೆ ಗೇಮು, ರಾತ್ರಿ ಟಿವಿ. 300 ಎಂಬಿಪಿಎಸ್ ಫೈಬರ್ ಪ್ಲ್ಯಾನ್ ಹಾಕಿಸಿದ್ದೇವೆ. ಆದರೂ ಸಂಜೆಯಾದರೆ ನನ್ನ ರೂಮಿನಲ್ಲಿ ವಿಡಿಯೊ ಕಾಲ್ ತಡವರಿಸುತ್ತದೆ. ಕಂಪನಿಗೆ ಫೋನ್ ಮಾಡಿದರೆ 500ಕ್ಕೆ ಏರಿಸಿಕೊಳ್ಳಿ ಅನ್ನುತ್ತಾರೆ. ಈಗಿನ ಬಿಲ್ಲೇ ಭಾರ ಅನಿಸುತ್ತಿದೆ. ಏರಿಸಲೇಬೇಕಾ? ಅಥವಾ ಕಮ್ಮಿ ಖರ್ಚಿನ ಪ್ಲ್ಯಾನ್ ಆರಿಸಿಕೊಂಡರೂ ನಡೆಯುತ್ತದಾ?

ಉತ್ತರ: ಸದ್ಯಕ್ಕೆ ಏರಿಸಬೇಡಿ. ನೀವು ಬರೆದಿರುವುದನ್ನು ನೋಡಿದರೆ, ನಿಮ್ಮ ಮನೆಗೆ 300 ಕೂಡ ಜಾಸ್ತಿಯೇ. ತೊಂದರೆ ಪ್ಲ್ಯಾನಿನ ಅಂಕಿಯಲ್ಲಿ ಇರುವ ಸಾಧ್ಯತೆ ಕಡಿಮೆ. ಅದು ನಿಮ್ಮ ರೂಮಿಗೂ ರೌಟರಿಗೂ ನಡುವೆ ಇರಬಹುದು, ಅಪ್‌ಲೋಡ್ ದಾರಿಯಲ್ಲಿ ಇರಬಹುದು, ಇಲ್ಲಾ ಸಂಜೆ ಹೊತ್ತು ಕಂಪನಿಯ ಲೈನೇ ತುಂಬಿಹೋಗುತ್ತಿರಬಹುದು. ಈ ಮೂರಲ್ಲಿ ಯಾವುದು ಅಂತ ಗೊತ್ತುಮಾಡಿಕೊಳ್ಳದೆ 500ಕ್ಕೆ ದುಡ್ಡು ಕಟ್ಟಿದರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ. ಕಮ್ಮಿ ಖರ್ಚಿನ ಪ್ಲ್ಯಾನ್ ಆರಿಸುವ ಕೆಲಸ ಶುರುವಾಗುವುದು ಪ್ಲ್ಯಾನ್‌ಗಳ ಪಟ್ಟಿಯಿಂದ ಅಲ್ಲ, ನಿಮ್ಮ ಮನೆಯಿಂದ.

ಮೊದಲು ನಿಮಗೆ ನಿಜವಾಗಿ ಎಷ್ಟು ಬೇಕು ಅಂತ ಲೆಕ್ಕ ಹಾಕೋಣ. ಮನೆಯಲ್ಲಿ ಎಷ್ಟು ಫೋನು, ಎಷ್ಟು ಲ್ಯಾಪ್‌ಟಾಪ್ ಇವೆ ಅಂತ ಎಣಿಸುವುದರಿಂದ ಏನೂ ತಿಳಿಯುವುದಿಲ್ಲ. ಒಂದೇ ಹೊತ್ತಿಗೆ ಏನೇನು ನಡೆಯುತ್ತದೆ ಅನ್ನುವುದು ಮುಖ್ಯ. ದಿನದಲ್ಲಿ ಅತಿ ಹೆಚ್ಚು ಗದ್ದಲ ಇರುವ ಅರ್ಧ ಗಂಟೆಯನ್ನು ನೆನಪಿಸಿಕೊಳ್ಳಿ. ನಿಮ್ಮ ಮನೆಯಲ್ಲಿ ಅದು ಸಂಜೆ ಏಳೂವರೆ, ಎಂಟರ ಹೊತ್ತು ಅಂತ ಇಟ್ಟುಕೊಳ್ಳೋಣ. ನೀವು ಕಾಲ್‌ನಲ್ಲಿದ್ದೀರಿ. ಒಳ್ಳೆ ಗುಣಮಟ್ಟದ ವಿಡಿಯೊ ಕಾಲ್‌ಗೆ ಬರುವ ಕಡೆಗೂ ಹೋಗುವ ಕಡೆಗೂ ತಲಾ 4 ಎಂಬಿಪಿಎಸ್ ಇದ್ದರೆ ಆರಾಮ. ಮಗಳ ಕ್ಲಾಸಿಗೆ ಇನ್ನೊಂದು 4. ಟಿವಿಯಲ್ಲಿ ಯಾರೋ 4ಕೆ ಸಿನಿಮಾ ಹಾಕಿದ್ದಾರೆ. ನೆಟ್‌ಫ್ಲಿಕ್ಸ್ ತಾನೇ 4ಕೆಗೆ 15 ಎಂಬಿಪಿಎಸ್, ಫುಲ್ ಎಚ್‌ಡಿಗೆ 5 ಎಂಬಿಪಿಎಸ್ ಸಾಕು ಅನ್ನುತ್ತದೆ. ಒಂದು ಫೋನಿನಲ್ಲಿ ಎಚ್‌ಡಿ ವಿಡಿಯೊ ಓಡುತ್ತಿದೆ, 5. ಮಗನ ಗೇಮು ಆಡುವಾಗ ಬೇಕಾಗುವುದು 1 ಎಂಬಿಪಿಎಸ್ ಒಳಗೆ. ಹೌದು, ಅಷ್ಟೇ. ಗೇಮಿಗೆ ಬೇಕಾದದ್ದು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಎಲ್ಲ ಕೂಡಿಸಿ: 4, 4, 15, 5, 1. ಒಟ್ಟು 29. ಫೋನುಗಳು ಗೊತ್ತಿಲ್ಲದ ಹಾಗೆ ಅಪ್‌ಡೇಟ್ ಇಳಿಸಿಕೊಳ್ಳುತ್ತವೆ, ವೈಫೈ ಸ್ವಲ್ಪ ಸೋರುತ್ತದೆ. ಅದಕ್ಕೆಲ್ಲ ಅರ್ಧದಷ್ಟು ಜಾಗ ಬಿಡೋಣ. 44 ಆಯಿತು. ಅಂದರೆ ನಿಜವಾಗಿ ಬರುವ 50 ಎಂಬಿಪಿಎಸ್ ನಿಮ್ಮ ಮನೆಯ ಅತಿ ಗದ್ದಲದ ಹೊತ್ತನ್ನೂ ನಿಭಾಯಿಸುತ್ತದೆ. 100 ಇದ್ದರೆ ಕಾಲು ಚಾಚಿ ಕೂರಬಹುದು.

ಹಾಗಾದರೆ 300 ಯಾತಕ್ಕೆ? ದೊಡ್ಡ ಫೈಲ್ ಇಳಿಸುವಾಗ ವ್ಯತ್ಯಾಸ ಕಾಣುತ್ತದೆ. ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಪ್ಲ್ಯಾನಿನಲ್ಲಿ ಬರೆಯುವುದು ಮೆಗಾಬಿಟ್, ಫೈಲಿನ ಅಳತೆ ಮೆಗಾಬೈಟ್. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್. ಮಗ 60 ಜಿಬಿ ಗೇಮ್ ಇಳಿಸಿಕೊಂಡರೆ 100ರಲ್ಲಿ ಸುಮಾರು 80 ನಿಮಿಷ, 300ರಲ್ಲಿ 27 ನಿಮಿಷ. ಇದು ವಾರಕ್ಕೊಮ್ಮೆ ಆಗುವ ಕೆಲಸವಾದರೆ ಆ ಐವತ್ತು ಚಿಲ್ಲರೆ ನಿಮಿಷಕ್ಕಾಗಿ ದುಡ್ಡು ಕೊಡುವುದು ಸರಿ ಇರಬಹುದು. ವರ್ಷಕ್ಕೆ ಮೂರು ಸಲ ಆಗುವುದಾದರೆ ರಾತ್ರಿ ಮಲಗುವಾಗ ಡೌನ್‌ಲೋಡ್ ಹಾಕಿ ಮಲಗಲಿ. ಸಿನಿಮಾ ಮಾತ್ರ 300 ಇದ್ದರೂ ಅದೇ 15 ಎಂಬಿಪಿಎಸ್ ಆಸುಪಾಸಿನಲ್ಲೇ ಓಡುತ್ತದೆ. ಚಿತ್ರ ಇನ್ನಷ್ಟು ಚೆನ್ನಾಗೇನೂ ಕಾಣುವುದಿಲ್ಲ.

ಈಗ ನಿಮ್ಮ ಕಾಲ್ ಯಾಕೆ ಕೆಡುತ್ತದೆ ಅನ್ನುವುದಕ್ಕೆ ಬರೋಣ. ಒಂದು ಲ್ಯಾಪ್‌ಟಾಪ್, ಒಂದು ಲ್ಯಾನ್ ಕೇಬಲ್ ತೆಗೆದುಕೊಳ್ಳಿ. ರೌಟರ್ ಪಕ್ಕದಲ್ಲೇ ಕುಳಿತು ಕೇಬಲ್ ಚುಚ್ಚಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಬೆಳಿಗ್ಗೆ ಒಂದು ಸಲ, ರಾತ್ರಿ ಎಂಟರಿಂದ ಹತ್ತರ ನಡುವೆ ಎರಡು ಸಲ ಸ್ಪೀಡ್ ಟೆಸ್ಟ್ ಮಾಡಿ. ಮೂರು ನಾಲ್ಕು ದಿನ ಹೀಗೆ ಮಾಡಿ ಬರೆದಿಡಿ. ಡೌನ್‌ಲೋಡ್, ಅಪ್‌ಲೋಡ್, ಪಿಂಗ್ (ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಹೊತ್ತು), ಮೂರನ್ನೂ ಬರೆಯಿರಿ. ಆಮೇಲೆ ಅದೇ ಲ್ಯಾಪ್‌ಟಾಪನ್ನು ನಿಮ್ಮ ರೂಮಿಗೆ ಒಯ್ದು, ಬಾಗಿಲು ಹಾಕಿಕೊಂಡು, ವೈಫೈನಲ್ಲಿ ಅದೇ ಟೆಸ್ಟ್ ಮಾಡಿ. ಈ ಎರಡು ಸಾಲು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು, ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ.

ಕೇಬಲ್‌ನಲ್ಲಿ ರಾತ್ರಿಯೂ 280, 290 ಬರುತ್ತಿದೆ, ರೂಮಿನಲ್ಲಿ ಮಾತ್ರ 15, 20ಕ್ಕೆ ಇಳಿಯುತ್ತಿದೆ ಅಂದರೆ ತೊಂದರೆ ವೈಫೈದು. 500 ಹಾಕಿಸಿದರೂ ರೂಮಿನಲ್ಲಿ ಅದೇ 15, 20. ನಾನು ನೋಡಿದ ಮನೆಗಳಲ್ಲಿ ಅತಿ ಹೆಚ್ಚು ಸಲ ಸಿಕ್ಕಿದ್ದು ಇದೇ. ರೌಟರ್ ಎಲ್ಲಿಟ್ಟಿದ್ದಾರೆ ಅಂತ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಟಿವಿ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ, ನೆಲದ ಮೇಲೆ, ಕಪಾಟಿನೊಳಗೆ. ಲೋಹ ಸಿಗ್ನಲ್ಲನ್ನು ತಡೆಯುತ್ತದೆ. ನೀರು ಹೀರಿಕೊಳ್ಳುತ್ತದೆ, ಹಾಗಾಗಿ ದೊಡ್ಡ ಮೀನಿನ ತೊಟ್ಟಿಯೂ ಒಂದು ಗೋಡೆಯ ಹಾಗೆ. ಕನ್ನಡಿಯ ಹಿಂದಿನ ಲೋಹದ ಪದರವೂ ಅಷ್ಟೇ. ರೌಟರನ್ನು ಮನೆಯ ನಡುಭಾಗಕ್ಕೆ ತಂದು, ಎದೆಯೆತ್ತರಕ್ಕಿಂತ ಮೇಲೆ, ಸುತ್ತ ಏನೂ ಇಲ್ಲದ ಕಡೆ ಇಡಿ. ಇದಕ್ಕೆ ಹೆಚ್ಚೆಂದರೆ ಸ್ವಲ್ಪ ಉದ್ದದ ಕೇಬಲ್ ಬೇಕಾದೀತು. ಒಂದು ಎಚ್ಚರಿಕೆ: ಗೋಡೆಯಿಂದ ಬರುವ ತೆಳ್ಳನೆಯ ಫೈಬರ್ ಎಳೆಯನ್ನು ನೀವೇ ಎಳೆದಾಡಬೇಡಿ. ಒಳಗಿರುವುದು ಗಾಜು. ಚೂಪಾಗಿ ಬಗ್ಗಿಸಿದರೆ ಬೆಳಕು ಹೊರಗೆ ಸೋರಿ ಸಿಗ್ನಲ್ ಕುಗ್ಗುತ್ತದೆ. ಫೈಬರ್ ಪೆಟ್ಟಿಗೆ ಇದ್ದಲ್ಲೇ ಇರಲಿ, ಅಲ್ಲಿಂದ ರೌಟರ್‌ವರೆಗೆ ಲ್ಯಾನ್ ಕೇಬಲ್ ಎಳೆಯಿರಿ. ಎರಡೂ ಒಂದೇ ಪೆಟ್ಟಿಗೆಯಲ್ಲಿದ್ದರೆ, ಜಾಗ ಬದಲಿಸಿಕೊಡಲು ಕಂಪನಿಯವರನ್ನೇ ಕರೆಯಿರಿ.

ರೌಟರ್‌ನಲ್ಲಿ ಸಾಮಾನ್ಯವಾಗಿ ಎರಡು ವೈಫೈ ಇರುತ್ತವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ಗೋಡೆ ದಾಟುತ್ತದೆ, ಆದರೆ ನಿಧಾನ. ಅಕ್ಕಪಕ್ಕದ ಮನೆಯವರ ವೈಫೈ, ಬ್ಲೂಟೂತ್, ಮೈಕ್ರೊವೇವ್ ಓವನ್ ಎಲ್ಲವೂ ಅದೇ ಬಯಲಿನಲ್ಲಿ ಓಡಾಡುತ್ತವೆ. ಒಂದಕ್ಕೊಂದು ತಾಗದೆ ನಿಲ್ಲುವ ಚಾನೆಲ್‌ಗಳು ಅಲ್ಲಿ ಮೂರೇ: 1, 6, 11. ಎಲ್ಲ ಮನೆಗಳಲ್ಲೂ ವೈಫೈ ಜೋರಾಗಿ ಓಡುವ ಸಂಜೆ ಹೊತ್ತಿಗೆ ಅಲ್ಲಿ ಜಾಗ ಇರುವುದಿಲ್ಲ. ನಿಮ್ಮ ಕಾಲ್ ಸಂಜೆಯೇ ಕೆಡುವುದಕ್ಕೆ ಇದೂ ಕಾರಣ ಆಗಿರಬಹುದು. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಜನಸಂದಣಿ ಕಡಿಮೆ, ಆದರೆ ಎರಡು ಗೋಡೆ ಅಡ್ಡ ಬಂದರೆ ಸುಸ್ತಾಗುತ್ತದೆ. ಸಿಗ್ನಲ್ ಸಿಗುವಷ್ಟು ದೂರದವರೆಗೆ ಕಾಲ್‌ಗೆ 5ನ್ನೇ ಬಳಸಿ.

ಇಷ್ಟೆಲ್ಲ ಮಾಡಿದರೂ ರೂಮಿಗೆ ತಲುಪುತ್ತಿಲ್ಲ ಅಂದರೆ ಅಲ್ಲಿಗೆ ಒಂದು ಲ್ಯಾನ್ ಕೇಬಲ್ ಎಳೆಸಿ. ನೋಡಲು ಚಂದ ಇಲ್ಲದಿರಬಹುದು, ಆದರೆ ಒಂದೇ ಸಲದ ಖರ್ಚು. ಆ ಕೇಬಲ್ ತುದಿಗೆ ಇನ್ನೊಂದು ವೈಫೈ ಪೆಟ್ಟಿಗೆ ಹಾಕಿದರೆ ಇಡೀ ಆ ಕಡೆಗೆ ನೆಟ್ ಸಿಗುತ್ತದೆ. ವೈಫೈ ಸಿಗ್ನಲ್ ಹಿಡಿದು ಮತ್ತೆ ಹರಡುವ ಅಗ್ಗದ ರಿಪೀಟರ್‌ಗಳು ಅಂಗಡಿಯಲ್ಲಿ ಸಿಗುತ್ತವೆ, ಅವನ್ನು ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಒಂದೇ ರೇಡಿಯೊ ಇರುವ ರಿಪೀಟರ್ ಅದೇ ಗಾಳಿಯಲ್ಲಿ ಕೇಳಿ, ಅದೇ ಗಾಳಿಯಲ್ಲಿ ಮತ್ತೆ ಹೇಳಬೇಕು. ವೇಗ ಅರ್ಧಕ್ಕೆ ಬೀಳುತ್ತದೆ. ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ಪೂರ್ತಿ ಕಾಣುತ್ತವೆ, ಕಾಲ್ ಮಾತ್ರ ಹಾಗೇ ತಡವರಿಸುತ್ತದೆ.

ಕೇಬಲ್ ಟೆಸ್ಟ್ ಮಾಡುವಾಗ ಒಂದು ಅಂಕಿ ಮೇಲೆ ಕಣ್ಣಿಡಿ: 94. ಟೆಸ್ಟ್ ಮಾಡಿದಾಗಲೆಲ್ಲ 93, 94, 95ರ ಹತ್ತಿರವೇ ಬಂದು ನಿಂತರೆ ಎಲ್ಲೋ ಒಂದು ಕಡೆ 100 ಎಂಬಿಪಿಎಸ್ ಬಾಗಿಲು ಇದೆ ಅಂತ ಅರ್ಥ. ಹಳೇ ರೌಟರ್‌ನ ಪೋರ್ಟು ಇರಬಹುದು, ಲ್ಯಾಪ್‌ಟಾಪಿನದೂ ಇರಬಹುದು. ಮಾಹಿತಿಯನ್ನು ಪುಟ್ಟ ಪುಟ್ಟ ಪ್ಯಾಕೆಟ್‌ಗಳಾಗಿ ಕಟ್ಟಿ ಕಳಿಸುತ್ತಾರೆ, ಆ ಪ್ಯಾಕೆಟ್‌ಗಳ ಹೊದಿಕೆಗೆ ಹೋಗುವಷ್ಟು ಹೋಗಿ 100ರ ಪೋರ್ಟಿನಲ್ಲಿ ಕೈಗೆ ಸಿಗುವುದು ಅಷ್ಟು. ಒಂದು ಮನೆಯಲ್ಲಿ ಇದೇ 94 ನನ್ನನ್ನು ಒಂದು ಗಂಟೆ ಕಾಡಿತು. ರೌಟರ್ ಹೊಸದು, ಲ್ಯಾಪ್‌ಟಾಪ್ ಹೊಸದು, ಪ್ಲ್ಯಾನ್ 300. ಕೊನೆಗೆ ಫೈಬರ್ ಪೆಟ್ಟಿಗೆಯಿಂದ ರೌಟರಿಗೆ ಹೋಗುವ ಕೇಬಲ್ ಉದ್ದಕ್ಕೂ ಬೆರಳಾಡಿಸುತ್ತಾ ಹೋದೆ. ಬಾಗಿಲ ಸಂದಿನಲ್ಲಿ ಕೇಬಲ್ ಚಪ್ಪಟೆಯಾಗಿತ್ತು. ಬಾಗಿಲು ಹಾಕಿದಾಗಲೆಲ್ಲ ಅದರ ಮೇಲೆ ಒತ್ತಿ, ಸಿಪ್ಪೆ ಬಿರಿದು ಒಳಗಿನ ನೀಲಿ ತಂತಿ ತುಂಡಾಗಿತ್ತು. ಲ್ಯಾನ್ ಕೇಬಲ್‌ನಲ್ಲಿ ನಾಲ್ಕು ಜೋಡಿ, ಅಂದರೆ ಎಂಟು ತಂತಿ ಇರುತ್ತವೆ. ಸಾವಿರ ಎಂಬಿಪಿಎಸ್ ಓಡಲು ಎಂಟೂ ಬೇಕು. 100ಕ್ಕೆ ನಾಲ್ಕೇ ಸಾಕು. ಉಳಿದ ನಾಲ್ಕರಲ್ಲಿ ಒಂದು ತಂತಿ ಹೋದರೆ ಸಾಮಾನ್ಯವಾಗಿ ಎರಡು ಕಡೆಯ ಪೆಟ್ಟಿಗೆಗಳೂ ಸದ್ದಿಲ್ಲದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಯಾರಿಗೂ ಗೊತ್ತಾಗುವುದಿಲ್ಲ. ಆ ಮನೆಯವರು ಒಂದು ವರ್ಷದಿಂದ 300ಕ್ಕೆ ದುಡ್ಡು ಕಟ್ಟಿ 94 ಬಳಸುತ್ತಿದ್ದರು. ಇನ್ನೂ ಒಂದು ವಿಷಯ ಹೇಳಬೇಕು: ಆ ಒಂದು ವರ್ಷದಲ್ಲಿ ಅವರಿಗೆ ನೆಟ್ ನಿಧಾನ ಅಂತ ಒಂದು ದಿನವೂ ಅನಿಸಿರಲಿಲ್ಲ. ನಾನು ಹೋಗಿದ್ದು ಬೇರೆ ಕೆಲಸಕ್ಕೆ. ಕೇಬಲ್ ಬದಲಿಸಲಿಲ್ಲ, 100ರ ಪ್ಲ್ಯಾನಿಗೆ ಇಳಿಸಿಕೊಂಡರು.

ಎರಡನೆಯ ಸಾಧ್ಯತೆ ಅಪ್‌ಲೋಡ್. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವುದು ಡೌನ್‌ಲೋಡ್ ಅಂಕಿ. ಕಾಲ್‌ನಲ್ಲಿ ನಿಮ್ಮ ಮುಖ, ನಿಮ್ಮ ದನಿ ಹೋಗುವುದು ಅಪ್‌ಲೋಡ್ ದಾರಿಯಲ್ಲಿ. ಕೆಲವು ಪ್ಲ್ಯಾನ್‌ಗಳಲ್ಲಿ ಎರಡೂ ಸಮ ಇರುತ್ತವೆ. ಇನ್ನು ಕೆಲವದರಲ್ಲಿ, ಅದರಲ್ಲೂ ಟಿವಿ ಕೇಬಲ್ ಮತ್ತು ಫೋನ್ ತಂತಿ ಮೂಲಕ ಬರುವ ಸಂಪರ್ಕಗಳಲ್ಲಿ, ಅಪ್‌ಲೋಡ್ ಡೌನ್‌ಲೋಡಿನ ಹತ್ತರಲ್ಲಿ ಒಂದು ಭಾಗ, ಅದಕ್ಕಿಂತ ಕಮ್ಮಿಯೂ ಇರಬಹುದು. ನಿಮ್ಮ ಮನೆಯಲ್ಲಿ ಸಂಜೆ ಎರಡು ಕಾಲ್ ಸೇರಿ 8 ಎಂಬಿಪಿಎಸ್ ಹೊರಗೆ ಹೋಗಬೇಕು. ಮನೆಯಲ್ಲಿ ಕ್ಯಾಮೆರಾ ಇದ್ದು ಅದು ಚಿತ್ರವನ್ನು ಕ್ಲೌಡ್‌ಗೆ ಕಳಿಸುತ್ತಿದ್ದರೆ ಇನ್ನೊಂದು 2. ಅಷ್ಟರಲ್ಲಿ ಯಾರದೋ ಫೋನು ಅವತ್ತಿನ ಫೋಟೊ ವಿಡಿಯೊಗಳನ್ನೆಲ್ಲ ಬ್ಯಾಕಪ್‌ಗೆ ಕಳಿಸಲು ಶುರುಮಾಡುತ್ತದೆ. ಅದು ಸಿಕ್ಕಷ್ಟು ದಾರಿಯನ್ನೂ ತಾನೇ ತುಂಬಿಕೊಳ್ಳುತ್ತದೆ. ರೌಟರ್ ಬಾಗಿಲಲ್ಲಿ ಸಾಲು ಬೆಳೆಯುತ್ತದೆ. ನಿಮ್ಮ ದನಿಯ ಪುಟ್ಟ ಪ್ಯಾಕೆಟ್‌ಗಳು ಆ ಫೋಟೊಗಳ ಹಿಂದೆ ನಿಂತು ಕಾಯಬೇಕು. ಎದುರಿನವರಿಗೆ ನಿಮ್ಮ ಮಾತು ತುಂಡು ತುಂಡಾಗಿ ಕೇಳುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಯಾರೂ ನೆಟ್ ಬಳಸದಿರುವಾಗ ಪಿಂಗ್ ನೋಡಿ. 10 ಮಿಲಿಸೆಕೆಂಡ್ ಬಂತು ಅಂತ ಇಟ್ಟುಕೊಳ್ಳಿ. ಒಂದು ದೊಡ್ಡ ವಿಡಿಯೊವನ್ನು ಅಪ್‌ಲೋಡ್ ಹಾಕಿ, ಅದು ಹೋಗುತ್ತಿರುವಾಗಲೇ ಮತ್ತೆ ನೋಡಿ. 30, 40 ಆದರೆ ಚಿಂತೆ ಇಲ್ಲ. 300, 400ಕ್ಕೆ ಹಾರಿದರೆ ಕಳ್ಳ ಸಿಕ್ಕಿದ ಹಾಗೆ. ದನಿ ಒಂದು ತುದಿಯಿಂದ ಇನ್ನೊಂದು ತುದಿಗೆ 150 ಮಿಲಿಸೆಕೆಂಡ್ ಒಳಗೆ ತಲುಪಿದರೆ ಮಾತುಕತೆ ಸಹಜವಾಗಿ ಸಾಗುತ್ತದೆ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ ಹೇಳುತ್ತದೆ. ಅದನ್ನು ಮೀರಿ ತುಂಬಾ ಹೋದರೆ ಇಬ್ಬರೂ ಒಟ್ಟಿಗೆ ಮಾತಾಡಲು ಶುರುಮಾಡುತ್ತಾರೆ, ಇಬ್ಬರೂ ಒಟ್ಟಿಗೆ ಸುಮ್ಮನಾಗುತ್ತಾರೆ. ಮಗನ ಗೇಮಿಗೂ ಬೇಕಾದದ್ದು ಇದೇ, ಕಮ್ಮಿ ಪಿಂಗ್. ಎಂಬಿಪಿಎಸ್ ಅಲ್ಲ.

ಇದಕ್ಕೆ ಮದ್ದು ಪುಕ್ಕಟೆ. ಫೋನುಗಳ ಬ್ಯಾಕಪ್ಪನ್ನು ರಾತ್ರಿ ಮಲಗಿದ ಮೇಲೆ ಆಗುವ ಹಾಗೆ ಬದಲಿಸಿ. ರೌಟರ್ ಸೆಟ್ಟಿಂಗ್‌ನಲ್ಲಿ ಕ್ಯೂಒಎಸ್ ಅಥವಾ ಸ್ಮಾರ್ಟ್ ಕ್ಯೂ (ಸಾಲಿನಲ್ಲಿ ಯಾವುದು ಮೊದಲು ಹೋಗಬೇಕು ಅಂತ ನೋಡಿಕೊಳ್ಳುವ ಸೌಲಭ್ಯ) ಅನ್ನುವುದಿದ್ದರೆ ಆನ್ ಮಾಡಿ, ಅಪ್‌ಲೋಡ್ ಮಿತಿಯನ್ನು ನಿಮಗೆ ನಿಜವಾಗಿ ಬರುವ ವೇಗದ ನೂರಕ್ಕೆ ತೊಂಬತ್ತರಷ್ಟು ಇಡಿ. ಸಾಲು ರೌಟರ್ ಕೈಯಲ್ಲೇ ಇರುತ್ತದೆ, ಅದು ಕಾಲ್‌ನ ಪ್ಯಾಕೆಟ್‌ಗಳನ್ನು ಮುಂದೆ ಬಿಡುತ್ತದೆ.

ಮೂರನೆಯದು ಕಂಪನಿಯ ಲೈನು. ಕೇಬಲ್ ಟೆಸ್ಟಿನಲ್ಲೇ ಬೆಳಿಗ್ಗೆ 290, ರಾತ್ರಿ 60 ಬರುತ್ತಿದ್ದರೆ ದೋಷ ಮನೆಯೊಳಗೆ ಇಲ್ಲ. ಮನೆಗೆ ಬರುವ ಫೈಬರ್ ನಿಮ್ಮೊಬ್ಬರದೇ ಅಲ್ಲ. ಬಹಳ ಕಡೆ ಬಳಸುವ ಜಿಪಾನ್ ಅನ್ನುವ ವ್ಯವಸ್ಥೆಯಲ್ಲಿ ಒಂದು ಎಳೆಯ ಒಟ್ಟು ಡೌನ್‌ಲೋಡ್ ಸುಮಾರು 2,500 ಎಂಬಿಪಿಎಸ್. ಅದನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. 32 ಮನೆಯವರೂ ಒಂದೇ ಕ್ಷಣಕ್ಕೆ ಪೂರ್ತಿ ಎಳೆದರೆ ತಲಾ 78 ಅಷ್ಟೇ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದಿಲ್ಲವಾದ್ದರಿಂದ ಇದು ಸಾಮಾನ್ಯವಾಗಿ ಚೆನ್ನಾಗಿಯೇ ನಡೆಯುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಆದರೆ ಅದರಿಂದಾಚೆಗೆ ಕಂಪನಿಯವರು ಹೊರಜಗತ್ತಿಗೆ ಕೊಟ್ಟ ದಾರಿ ಕಿರಿದಾಗಿದ್ದರೆ ಸಂಜೆ ಎಲ್ಲರಿಗೂ ಇಕ್ಕಟ್ಟು. ಆಗ 500ಕ್ಕೆ ಏರಿಸಿದರೂ ನೀವು ನಿಲ್ಲುವುದು ಅದೇ ಇಕ್ಕಟ್ಟಿನಲ್ಲಿ. ಪ್ಲ್ಯಾನಿನ ಕಾಗದದಲ್ಲಿ ಅಂಕಿಯ ಪಕ್ಕ ‘ವರೆಗೆ’ ಅನ್ನುವ ಪುಟ್ಟ ಪದ ಇರುವುದು ಇದಕ್ಕೇ. ಇಂಥ ಕಡೆ ಪ್ಲ್ಯಾನ್ ಬದಲಿಸಿ ಪ್ರಯೋಜನ ಇಲ್ಲ, ಕಂಪನಿ ಬದಲಿಸಬೇಕು.

ಹೊಸ ಕಂಪನಿ ನೋಡುವಾಗ ಸಂಪರ್ಕ ಯಾವ ಬಗೆಯದು ಅಂತ ಒಂದು ಸಲ ಕೇಳಿ. ಫೈಬರ್ ಸಿಗುವುದಾದರೆ ಅದೇ ಮೇಲು. ಹಳೇ ಫೋನ್ ತಂತಿಯ ಎಡಿಎಸ್‌ಎಲ್2 ಪ್ಲಸ್‌ನಲ್ಲಿ ಹೆಚ್ಚೆಂದರೆ 24 ಎಂಬಿಪಿಎಸ್, ಅದೂ ಟೆಲಿಫೋನ್ ಎಕ್ಸ್‌ಚೇಂಜ್‌ಗೆ ಹತ್ತಿರ ಇದ್ದವರಿಗೆ. ದೂರ ಹೋದಷ್ಟೂ ಕುಗ್ಗುತ್ತದೆ. ಮೊಬೈಲ್ ಟವರಿನಿಂದ ಬರುವ ಮನೆ ವೈಫೈ ಚೆನ್ನಾಗಿರಬಹುದು, ಆದರೆ ಟವರ್ ತುಂಬಿದಾಗ ಏರಿಳಿತ ಜಾಸ್ತಿ. ಉಪಗ್ರಹದ ನೆಟ್ ಆದರೆ ಎಷ್ಟು ಎತ್ತರದ್ದು ಅಂತ ಕೇಳಿ. ಭೂಮಿಯಿಂದ 35,786 ಕಿಲೋಮೀಟರ್ ಮೇಲೆ ನಿಂತ ಉಪಗ್ರಹಕ್ಕೆ ಹೋಗಿ, ಇಳಿದು, ಉತ್ತರ ಮತ್ತೆ ಅದೇ ದಾರಿಯಲ್ಲಿ ಬರುವಷ್ಟರಲ್ಲಿ ಬೆಳಕಿಗೇ ಹತ್ತಿರ ಹತ್ತಿರ ಅರ್ಧ ಸೆಕೆಂಡ್ ಬೇಕು. ಎಷ್ಟು ದುಡ್ಡು ಕೊಟ್ಟರೂ ಆ ಅರ್ಧ ಸೆಕೆಂಡ್ ಕಮ್ಮಿ ಆಗುವುದಿಲ್ಲ. ಕೆಲವು ನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಹೊಸ ಉಪಗ್ರಹಗಳಲ್ಲಿ ಈ ತೊಂದರೆ ಇಲ್ಲ.

ಈಗ ದುಡ್ಡಿನ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಜನ ಅತಿ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ತಿಂಗಳ ಬೆಲೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಎರಡು ವರ್ಷಕ್ಕೆ ಜೇಬಿನಿಂದ ಒಟ್ಟು ಎಷ್ಟು ಹೋಗುತ್ತದೆ ಅಂತ ಕೂಡಿಸಿ, 24ರಿಂದ ಭಾಗಿಸಿ. ಒಂದು ಉದಾಹರಣೆ ಮಾಡೋಣ. ಅಂಕಿಗಳು ಯಾವ ನಾಣ್ಯದವು ಅನ್ನುವುದು ಬೇಡ, ಬರೀ ಲೆಕ್ಕ ನೋಡಿ.

ಮೊದಲನೆಯ ಪ್ಲ್ಯಾನು ತಿಂಗಳಿಗೆ 70 ಅಂತ ಕೂಗಿ ಹೇಳುತ್ತದೆ. ಆ ಬೆಲೆ ಆರು ತಿಂಗಳು ಮಾತ್ರ, ಆಮೇಲೆ 110. ಹಾಕಿಸುವ ಖರ್ಚು 150. ರೌಟರ್ ಬಾಡಿಗೆ ತಿಂಗಳಿಗೆ 10. ಎರಡನೆಯ ಪ್ಲ್ಯಾನು ಶುರುವಿನಿಂದ ಕೊನೆಯವರೆಗೂ 105. ಹಾಕಿಸಲು ಖರ್ಚಿಲ್ಲ, ಆದರೆ ರೌಟರ್ ನೀವೇ 200 ಕೊಟ್ಟು ಕೊಳ್ಳಬೇಕು. ಮೊದಲ ನೋಟಕ್ಕೆ 70 ಎಲ್ಲಿ, 105 ಎಲ್ಲಿ ಅನಿಸುತ್ತದೆ ಅಲ್ವಾ? ಕೂಡಿಸಿ ನೋಡಿ. ಮೊದಲನೆಯದು: ಆರು ತಿಂಗಳಿಗೆ 420, ಉಳಿದ ಹದಿನೆಂಟು ತಿಂಗಳಿಗೆ 1,980, ಬಾಡಿಗೆ 240, ಹಾಕಿಸಿದ್ದು 150. ಒಟ್ಟು 2,790. ಎರಡನೆಯದು: 2,520ಕ್ಕೆ 200 ಸೇರಿ 2,720. ದುಬಾರಿ ಅಂತ ಕಂಡದ್ದೇ ಅಗ್ಗ. ಮೇಲಾಗಿ ರೌಟರ್ ನಿಮ್ಮದಾಗಿ ಉಳಿಯಿತು, ಮೂರನೆಯ ವರ್ಷ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ.

ತೋರಿಸುವ ಬೆಲೆಯಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಅಂತ ಕೇಳಿ. ಮಧ್ಯದಲ್ಲಿ ಬಿಟ್ಟರೆ ದಂಡ ಇದೆಯಾ, ಠೇವಣಿ ಕಟ್ಟಿದ್ದರೆ ಯಾವಾಗ ವಾಪಸು ಅಂತಲೂ ಕೇಳಿ. ಪ್ಲ್ಯಾನ್ ಜೊತೆ ಬರುವ ಸಿನಿಮಾ ಆ್ಯಪ್‌ಗಳ ವಿಷಯದಲ್ಲಿ ನನ್ನ ಅಳತೆ ಸರಳ. ಅದು ಇಲ್ಲದಿದ್ದರೂ ನೀವು ಪ್ರತ್ಯೇಕವಾಗಿ ದುಡ್ಡು ಕೊಟ್ಟು ಹಾಕಿಸಿಕೊಳ್ಳುತ್ತಿದ್ದಿರಾ? ಹೌದು ಅಂದರೆ ಅಷ್ಟು ಮೊತ್ತ ಕಳೆಯಿರಿ. ಇಲ್ಲ ಅಂದರೆ ಅದರ ಬೆಲೆ ಸೊನ್ನೆ ಅಂತಲೇ ಹಿಡಿಯಿರಿ. ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಸಿಗುವ ಕಡೆ ಮೊದಲು ಒಂದು ತಿಂಗಳು ಮಾತ್ರ ಹಾಕಿಸಿ ನೋಡಿ. ರಾತ್ರಿಯ ಟೆಸ್ಟಿನಲ್ಲಿ ಪಾಸಾದರೆ ವರ್ಷದ್ದು ಕಟ್ಟಿ. ಮೊದಲ ದಿನವೇ ವರ್ಷದ ದುಡ್ಡು ಕೊಟ್ಟುಬಿಟ್ಟರೆ ಆಮೇಲೆ ದೂರು ಹೇಳಿದರೂ ಕೇಳುವವರಿಗೆ ಅವಸರ ಇರುವುದಿಲ್ಲ.

‘ಅನ್‌ಲಿಮಿಟೆಡ್’ ಅನ್ನುವ ಪದದ ಕೆಳಗೆ ಸಣ್ಣ ಅಕ್ಷರದಲ್ಲಿ ಡೇಟಾ ಮಿತಿ ಇರುತ್ತದಾ ನೋಡಿ. ಮಿತಿ ದಾಟಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಅನ್ನುವುದು ಮಿತಿಗಿಂತ ಮುಖ್ಯ. 20ಕ್ಕೆ ಇಳಿದರೆ ಹೇಗೋ ನಡೆಯುತ್ತದೆ, 1ಕ್ಕೆ ಇಳಿದರೆ ಕಾಲ್ ಕೂಡ ಆಗುವುದಿಲ್ಲ. ನಿಮ್ಮ ಮನೆಗೆ ಎಷ್ಟು ಡೇಟಾ ಬೇಕು? 4ಕೆ ಟಿವಿ ಗಂಟೆಗೆ ಹೆಚ್ಚೆಂದರೆ 7 ಜಿಬಿ ಹತ್ತಿರ. ದಿನಕ್ಕೆ ಎರಡು ಗಂಟೆ ಅಂದರೆ ತಿಂಗಳಿಗೆ 400 ಚಿಲ್ಲರೆ. ಫೋನಿನ ಎಚ್‌ಡಿ ವಿಡಿಯೊ ಎಲ್ಲರದೂ ಸೇರಿ ದಿನಕ್ಕೆ ಮೂರು ಗಂಟೆ ಹಿಡಿದರೆ 200. ಕಾಲ್‌ಗಳು, ಕ್ಲಾಸುಗಳು ಎರಡೂ ದಿಕ್ಕು ಸೇರಿ ಇನ್ನೊಂದು 250, 300. ಒಟ್ಟು 900ರ ಆಸುಪಾಸು. ಸಾವಿರ ಜಿಬಿ ಮಿತಿ ಇದ್ದರೆ ಸಾಕಾಗುತ್ತದೆ. ಇನ್ನೊಂದು ಕಡೆಯಿಂದಲೂ ನೋಡಿ: 300 ಎಂಬಿಪಿಎಸ್ಸನ್ನು ಪೂರ್ತಿ ತೆರೆದು ಓಡಿಸಿದರೆ ಆ ಸಾವಿರ ಜಿಬಿ ಏಳೂವರೆ ಗಂಟೆಗೇ ಮುಗಿದುಹೋಗುತ್ತದೆ. ತಿಂಗಳಿಡೀ ಅಂಥ ಏಳೂವರೆ ಗಂಟೆಗಾಗಿ ನೀವು ದುಡ್ಡು ಕೊಡುತ್ತಿದ್ದೀರಿ.

ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೇರವಾಗಿ ತೆರೆದು ನೋಡುವವರು, ಮನೆಯಲ್ಲೇ ಸರ್ವರ್ ನಡೆಸುವವರು ಇನ್ನೊಂದು ಪ್ರಶ್ನೆ ಕೇಳಬೇಕು: ಸ್ವಂತ ಪಬ್ಲಿಕ್ ಐಪಿ ವಿಳಾಸ, ಅಂದರೆ ಹೊರಗಿನಿಂದ ನೇರವಾಗಿ ನಿಮ್ಮ ಮನೆಯನ್ನು ತಲುಪುವ ಇಂಟರ್‌ನೆಟ್ ವಿಳಾಸ, ಕೊಡುತ್ತೀರಾ ಅಂತ. ಹಳೇ ಬಗೆಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಸುಮಾರು 430 ಕೋಟಿ ಮಾತ್ರ. ಅದಕ್ಕೇ ಎಷ್ಟೋ ಕಂಪನಿಗಳು ಒಂದೇ ವಿಳಾಸವನ್ನು ಹಲವಾರು ಮನೆಗಳಿಗೆ ಹಂಚುತ್ತವೆ. ನಿಮಗೆ ಇದರ ಅಗತ್ಯ ಇದ್ದ ಹಾಗೆ ಕಾಣಲಿಲ್ಲ. ಇಲ್ಲದಿದ್ದರೆ ಸುಮ್ನೆ ಅದಕ್ಕೆ ದುಡ್ಡು ಕೊಡಬೇಡಿ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತೇನೆ. ಈ ವಾರ ಪೂರ್ತಿ ಅಂಕಿ ಬರೆದುಕೊಳ್ಳುತ್ತೇನೆ. ರೌಟರ್ ಜಾಗ ಬದಲಿಸಿ, ಬ್ಯಾಕಪ್ಪನ್ನು ರಾತ್ರಿಗೆ ತಳ್ಳಿ ಎರಡು ದಿನ ನೋಡುತ್ತೇನೆ. ಕಾಲ್ ಸರಿಹೋದರೆ ಇರುವ ಕಂಪನಿಗೇ ಫೋನ್ ಮಾಡಿ 100ರ ಪ್ಲ್ಯಾನಿಗೆ ಇಳಿಸಿ ಅನ್ನುತ್ತೇನೆ. ಆ ಪ್ಲ್ಯಾನಿನ ಅಪ್‌ಲೋಡ್ ಎಷ್ಟು ಅಂತ ಬಾಯಿಮಾತಿನಲ್ಲಿ ಅಲ್ಲ, ಮೆಸೇಜಿನಲ್ಲಿ ಬರೆಸಿಕೊಳ್ಳುತ್ತೇನೆ. 20 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಇಳಿಸುವುದಿಲ್ಲ ಅಂದರೆ ಬಿಡುವ ಯೋಚನೆ ಇದೆ ಅಂತ ನೇರವಾಗಿ ಹೇಳುತ್ತೇನೆ. ಪಟ್ಟಿಯಲ್ಲಿ ಇಲ್ಲದ ಬೆಲೆ ಆಗ ಹೊರಬರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಕೇಬಲ್ ಟೆಸ್ಟಿನಲ್ಲೇ ರಾತ್ರಿ ವೇಗ ಬೀಳುತ್ತಿದ್ದರೆ ಮಾತ್ರ ಬೇರೆ ಕಂಪನಿ. ಆಗ ಮೊದಲು ಅಕ್ಕಪಕ್ಕದ ಎರಡು ಮೂರು ಮನೆಯವರನ್ನು ವಿಚಾರಿಸಿ. ವೇಗ ಎಷ್ಟು ಅಂತ ಕೇಳಬೇಡಿ, ಎಲ್ಲರೂ ಪ್ಲ್ಯಾನಿನ ಅಂಕಿಯನ್ನೇ ಹೇಳುತ್ತಾರೆ. ಹೋದ ಸಲ ನೆಟ್ ಹೋದಾಗ ಎಷ್ಟು ಹೊತ್ತಿಗೆ ಬಂತು ಅಂತ ಕೇಳಿ. ದೂರು ಕೊಟ್ಟ ಮೇಲೆ ಎರಡು ಗಂಟೆಗೆ ಬರುವವರಿಗೂ ಮೂರು ದಿನಕ್ಕೆ ಬರುವವರಿಗೂ ಇರುವ ವ್ಯತ್ಯಾಸ ಯಾವ ಪ್ಲ್ಯಾನಿನ ಪಟ್ಟಿಯಲ್ಲೂ ಬರೆದಿರುವುದಿಲ್ಲ. ಮನೆಯಿಂದಲೇ ಕೆಲಸ ಮಾಡುವ ನಿಮಗೆ 100ಕ್ಕೂ 300ಕ್ಕೂ ಇರುವ ಅಂತರಕ್ಕಿಂತ ಅದು ದೊಡ್ಡದು. ಸಾಧ್ಯವಾದರೆ ರಾತ್ರಿ ಒಂಬತ್ತಕ್ಕೆ ಅವರ ಮನೆಯಲ್ಲೇ ಒಂದು ಸ್ಪೀಡ್ ಟೆಸ್ಟ್ ಮಾಡಲು ಕೇಳಿಕೊಳ್ಳಿ.

ಹೊಸದು ಬಂದ ದಿನವೇ ಹಳೆಯದನ್ನು ಕಡಿಸಬೇಡಿ. ಒಂದು ವಾರ ಎರಡೂ ಇರಲಿ. ಹೊಸದರಲ್ಲಿ ನಾಲ್ಕು ಸಂಜೆ ಕಾಲ್ ಮಾಡಿ ನೋಡಿ, ಆಮೇಲೆ ಹಳೆಯದಕ್ಕೆ ಬರವಣಿಗೆಯಲ್ಲಿ ತಿಳಿಸಿ. ಬಾಡಿಗೆ ರೌಟರ್ ವಾಪಸು ಕೊಡುವಾಗ ಅದರ ಹಿಂದಿನ ಸೀರಿಯಲ್ ನಂಬರ್ ಕಾಣುವ ಹಾಗೆ ಒಂದು ಫೋಟೊ ತೆಗೆದುಕೊಳ್ಳಿ, ರಸೀದಿ ಇಸಿದುಕೊಳ್ಳಿ.